ಊರಿಗೊಂದೇ ಮನೆಯವರಿಗೆ ಹನ್ನೊಂದು ಸೂತ್ರ

ಅಕ್ಟೋಬರಿನ ಕೊನೆಗೆ ಒಂದು ವಾರ ಮೊದಲು ನಮ್ಮ ಚರ್ಚುಗಳಲ್ಲಿ ಕೈಗೊಂದು ಲಕೋಟೆ ಬರುತ್ತದೆ. ಅಂದು ಮಿಶನ್ ಭಾನುವಾರ, 1926ರಲ್ಲಿ ಪೋಪ್ 11ನೇ ಪಿಯುಸ್ ಗೊತ್ತುಮಾಡಿದ ದಿನ. 'ನೀವೆಲ್ಲರೂ ಶುಭಸಂದೇಶ ಸಾರಬೇಕು' ಎಂದು ಗುರುಗಳು ಪ್ರಬೋಧನೆ ಮಾಡುತ್ತಾರೆ. ನಾವು ಲಕೋಟೆಯಲ್ಲಿ ನೂರು ರೂಪಾಯಿ ಇಟ್ಟು, ಸಾರುವ ಕೆಲಸವನ್ನು ಆ ನೂರು ರೂಪಾಯಿಗೇ ಒಪ್ಪಿಸಿ ಮನೆಗೆ ಬರುತ್ತೇವೆ. ಹೇಗೆ ಸಾರಬೇಕೆಂದು ಯಾರೂ ಹೇಳಿಕೊಡುವುದಿಲ್ಲ. ಮಂಗಳೂರಿನಲ್ಲೋ ಬೆಂಗಳೂರಿನ ಶಿವಾಜಿನಗರದಲ್ಲೋ ಇದ್ದರೆ ಗಂಟೆಯ ಸದ್ದೇ ಅರ್ಧ ಕೆಲಸ ಮಾಡೀತು. ಬಾಗಲಕೋಟೆ ತಾಲೂಕಿನ ಬೇವೂರಿನಲ್ಲಿ, ಊರಿಗೊಂದೇ ಕಥೋಲಿಕ ಮನೆಯಾಗಿ ಬದುಕುವವರು ಏನು ಮಾಡಬೇಕು? ಶಾಲೆಯ ಕೆಲಸಕ್ಕೆಂದು ಇಲ್ಲಿಗೆ ಬಂದವಳು ನಾನು. ಎಡವಿ ಎಡವಿ ಕಲಿತದ್ದನ್ನು ಬರೆದಿದ್ದೇನೆ.

1. ಮೊದಲ ಪ್ರಶ್ನೆಗೇ ನೇರ ಉತ್ತರ ಕೊಡಿ

ಮನೆ ಬಾಡಿಗೆಗೆ ಕೇಳಲು ಹೋದ ದಿನ ಮನೆಯೊಡತಿ ಕೇಳಿದರು: 'ಅಕ್ಕೋರ, ನೀವು ಯಾರ ಪೈಕಿ?' ನಾನು 'ಬೆಳಗಾವಿ ಕಡೆಯವರು' ಅಂದೆ. 'ಅದು ಊರಾತು. ದೇವರು ಯಾವುದು?' ಅಂದರು. ಅಲ್ಲಿಗೆ ಬಚ್ಚಿಡುವ ಆಟ ಮುಗಿಯಿತು.

ಕ್ರೈಸ್ತರು ಎಂದ ಕೂಡಲೇ ಅವರು 'ಗುಳೇದಗುಡ್ಡದವರ ಹಂಗ?' ಎಂದು ಕೇಳಿದರು. ಸಹಜವೇ. ಅಲ್ಲಿ ಬಾಸೆಲ್ ಮಿಶನ್ನಿನವರು 1851ರಲ್ಲೇ ಠಾಣ್ಯ ಹೂಡಿದ್ದರು. ಈ ಸೀಮೆಯಲ್ಲಿ ಕ್ರೈಸ್ತರೆಂದರೆ ಜನರಿಗೆ ನೆನಪಾಗುವುದು ಅವರೇ. ಅವರು ಪ್ರಾಟೆಸ್ಟಂಟರು, ನಾವು ಕಥೋಲಿಕರು, ನಮಗೆ ರೋಮಿನಲ್ಲೊಬ್ಬ ಪೋಪ್ ಇದ್ದಾರೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಚಹಾ ಆರಿತ್ತು. ಮನೆ ಸಿಕ್ಕಿತು. ಅಡಗಿಸಿಟ್ಟ ನಂಬಿಕೆಗೆ ಮುಂದೊಂದು ದಿನ ವಿವರಣೆ ಕೊಡಬೇಕಾಗುತ್ತದೆ, ಅದೂ ಕಳ್ಳತನ ಸಿಕ್ಕಿಬಿದ್ದವರಂತೆ. ಮೊದಲೇ ಹೇಳಿಬಿಟ್ಟರೆ ಅದೊಂದು ಸುದ್ದಿ, ಎರಡು ದಿನಕ್ಕೆ ಹಳತಾಗುತ್ತದೆ.

2. ತಲೆ ಎಣಿಸಬೇಡಿ

'ಯಶಸ್ಸಿನ ಸೂತ್ರ' ಎಂದಾಗ ಎಷ್ಟು ಜನ ಸೇರಿದರು ಎಂಬ ಲೆಕ್ಕ ಮನಸ್ಸಿಗೆ ಬರುವುದಾದರೆ ಆಬೆ ದುಬ್ವಾರನ್ನು ನೆನೆಯಿರಿ. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಗುರು ಅವರು. ಮೈಸೂರು ಸೀಮೆಯಲ್ಲಿ ಇಲ್ಲಿಯವರ ಉಡುಗೆ ಉಟ್ಟು, ಇಲ್ಲಿಯ ಊಟ ಉಂಡು ಬದುಕಿದರು. ಸಿಡುಬಿನ ಲಸಿಕೆ ಹೊಸದಾಗಿ ಬಂದ ಕಾಲದಲ್ಲಿ ಊರೂರು ತಿರುಗಿ ಹಾಕಿಸಿದರು. 1823ರಲ್ಲಿ ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಅಚ್ಚಾದ ಪತ್ರಗಳಲ್ಲಿ, ಈ ದೇಶದಲ್ಲಿ ಮತಾಂತರದ ಕೆಲಸ ಹೆಚ್ಚುಕಡಿಮೆ ವ್ಯರ್ಥವೆಂದು ಸ್ವತಃ ಅವರೇ ಬರೆದುಕೊಂಡರು. ಮೂವತ್ತು ವರ್ಷದ ಲೆಕ್ಕಪುಸ್ತಕ ನೋಡಿ ಕೈಚೆಲ್ಲಿದ ಮನುಷ್ಯ. ಆದರೆ ಆ ಕಡೆಯ ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎಂದೇ ಕರೆಯುತ್ತಿದ್ದರು. ಲಸಿಕೆಯಿಂದ ಉಳಿದ ಜೀವಗಳು ಅವರ ಲೆಕ್ಕಪುಸ್ತಕದ ಯಾವ ಕಂಬಸಾಲಿನಲ್ಲಿ ಕೂರಬೇಕಿತ್ತೋ ನಾನರಿಯೆ.

3. ಭಾನುವಾರದ ಬಸ್ಸು ತಪ್ಪಿಸಬೇಡಿ

ನೀವು ಏನು ನಂಬುತ್ತೀರಿ ಎನ್ನುವುದಕ್ಕಿಂತ ಎಷ್ಟು ತಪ್ಪದೆ ನಡೆಯುತ್ತೀರಿ ಎನ್ನುವುದನ್ನು ಹಳ್ಳಿ ಮೊದಲು ಗಮನಿಸುತ್ತದೆ. ಬಲಿಪೂಜೆಗೆ ಬಾಗಲಕೋಟೆಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಮೊದಲ ವರ್ಷ 'ಎಲ್ಲಿಗ್ರಿ?' ಎನ್ನುತ್ತಿದ್ದ. ಎರಡನೆಯ ವರ್ಷ ಕೇಳದೆಯೇ ಟಿಕೆಟ್ ಹರಿದ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನನಗೆ ಶೂನ್ಯ ಟಿಕೆಟ್ಟು. ಒಮ್ಮೆ ಜ್ವರ ಬಂದು ಹೋಗಲಾಗಲಿಲ್ಲ. ಮುಂದಿನ ವಾರ ಆತ, 'ಹೋದ ವಾರ ದೇವರಿಗೆ ರಜಾ ಕೊಟ್ಟಿದ್ರೇನ್ರಿ?' ಎಂದು ಬಸ್ಸಿಗೆಲ್ಲ ಕೇಳುವಂತೆ ಅಂದ. ಇಡೀ ಬಸ್ಸು ನಕ್ಕಿತು, ನಾನೂ ನಕ್ಕೆ. ಅಷ್ಟು ಜನಕ್ಕೆ ನನ್ನ ಭಾನುವಾರದ ಬಗ್ಗೆ ಗೊತ್ತಿತ್ತು ಎನ್ನುವುದು ನನಗೆ ಅಂದೇ ಗೊತ್ತಾದದ್ದು.

4. ಹಣೆಯ ಬೂದಿ ಒರೆಸಿಕೊಳ್ಳಬೇಡಿ

ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. ತಪಸ್ಸುಕಾಲ ಆರಂಭವಾಗುವುದು ಬೂದಿ ಬುಧವಾರದಿಂದ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟು ಮಾಡಿದ ಬೂದಿ ಅದು. ಗುರುಗಳು ಅದರಿಂದ ಹಣೆಯ ಮೇಲೆ ಶಿಲುಬೆ ಗುರುತು ಹಾಕಿ, ನೀನು ಮಣ್ಣು, ಮಣ್ಣಿಗೇ ಮರಳುವವನು ಎಂದು ನೆನಪಿಸುತ್ತಾರೆ. ಅರ್ಧ ದಿನ ರಜೆ ಹಾಕಿ ಹೋಗಿ, ಮರಳುವಾಗ ಬಸ್ಸಿನಲ್ಲೇ ಕರವಸ್ತ್ರದಿಂದ ಒರೆಸಿಕೊಂಡು ಶಾಲೆಗೆ ಬರುವುದು ನನ್ನ ಮೊದಲ ವರ್ಷಗಳ ಪದ್ಧತಿ. ಮಕ್ಕಳು ಏನಾದರೂ ಕೇಳಿದರೆ ಎಂಬ ಅಂಜಿಕೆ. ಒಂದು ವರ್ಷ ನಿದ್ದೆ ಹತ್ತಿ ಒರೆಸುವುದು ಮರೆತೆ.

ಓಣಿಯಲ್ಲಿ ಮನೆಯೊಡತಿ ಎದುರಾದರು. 'ಅಯ್ಯ, ಅಕ್ಕೋರ! ನೀವೂ ಇಬತ್ತಿ ಹಚ್ಚೀರಿ!' ಎಂದು ಸಂಭ್ರಮಪಟ್ಟರು. ವಿಭೂತಿ ಇಲ್ಲದೆ ಬೆಳಗು ಮಾಡದ ಮನೆ ಅವರದು. ಅವರನ್ನು ದಂಗುಬಡಿಸಿದ್ದು ನನ್ನ ಹಣೆಯ ಗುರುತಲ್ಲ, ಇಷ್ಟು ದಿನ ಅದು ಖಾಲಿಯಿದ್ದದ್ದು. ಕಟ್ಟೆಯ ಮೇಲೆ ಕೂತು ಗರಿಯ ಕತೆ ಹೇಳಿದೆ. 'ನಮ್ಮದು ಸಗಣಿದು, ನಿಮ್ಮದು ಗರಿದು. ಎಲ್ಲಾ ಒಂದ ಬಿಡ್ರಿ' ಅಂದರು.

'ಹೌದ್ರಿ' ಎಂದು ತಲೆಯಾಡಿಸಿ ಎದ್ದುಬಿಡಬಹುದಿತ್ತು. ಸೌಹಾರ್ದದ ಭಾಷಣಗಳಲ್ಲಿ ನಾವು ಮಾಡುವುದು ಅದನ್ನೇ. ಯಾಕೋ ಅಂದು ಮನಸ್ಸು ಒಪ್ಪಲಿಲ್ಲ. 'ಒಂದ ಅಲ್ಲ ಅನಸ್ತದ್ರಿ' ಅಂದೆ. 'ನಿಮಗೆ ವಿಭೂತಿ ಕಾಯುವಂಥದ್ದು, ದಿನಾ ಹಚ್ಚುವಂಥದ್ದು. ನಮಗೆ ಇದು ವರ್ಷಕ್ಕೊಮ್ಮೆ, ಸಾಯ್ತೀ, ತಪ್ಪು ಒಪ್ಪಿಕೋ ಅಂತ ಹೇಳೋದು. ಆಮೇಲೆ ನಲವತ್ತು ದಿನ ಉಪವಾಸ.' ಅವರು ಬಹಳ ಹೊತ್ತು ಸುಮ್ಮನಿದ್ದರು. 'ನಲವತ್ತು ದಿನ ಏನು ತಿನ್ನಂಗಿಲ್ಲ?' ಎಂದು ಕೇಳಿದರು. ಅಲ್ಲಿಂದ ಮಾತು ಶ್ರಾವಣಕ್ಕೆ, ಸೋಮವಾರದ ಒಪ್ಪತ್ತಿಗೆ, ಯೇಸು ಅಡವಿಯಲ್ಲಿ ಕಳೆದ ನಲವತ್ತು ದಿನಕ್ಕೆ ಹೋಯಿತು. ನಾನು ಬೇವೂರಿನಲ್ಲಿ ಯೇಸುವಿನ ಹೆಸರೆತ್ತಿ ಒಂದು ಗಂಟೆ ಮಾತಾಡಿದ್ದು ಅದೇ ಮೊದಲು. 'ಎಲ್ಲಾ ಒಂದೇ' ಎಂದು ಬಿಟ್ಟಿದ್ದರೆ ಅದು ಒಂದು ನಿಮಿಷದ ಮಾತಾಗುತ್ತಿತ್ತು.

ಬೂದಿ ಬುಧವಾರ ಬಹುತೇಕ ಶಿವರಾತ್ರಿಯ ಆಚೀಚೆಗೇ ಬರುತ್ತದೆ. 2026ರಲ್ಲಿ ಶಿವರಾತ್ರಿ ಫೆಬ್ರುವರಿ 15, ಬೂದಿ ಬುಧವಾರ ಫೆಬ್ರುವರಿ 18. ಉಪವಾಸದ ಮಾತಾಡಲು ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಹಂಗಾಮು ಸಿಗದು.

5. ಮೂರು ಪ್ರಶ್ನೆಗಳಿಗೆ ಸಣ್ಣ ಉತ್ತರ ಸಿದ್ಧವಿರಲಿ

ಸಂತ ಪೇತ್ರರು ತಮ್ಮ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ ಹೇಳುವುದು ಇಷ್ಟೇ: ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಿರಿ, ಕೊಡುವಾಗ ಮೆತ್ತಗಿರಿ. ಕೇಳುವವರು ಏನು ಕೇಳುತ್ತಾರೆ ಎಂಬುದನ್ನು ಬೇವೂರು ನನಗೆ ಕಲಿಸಿತು. ತ್ರಿತ್ವದ ಬಗ್ಗೆ ಈವರೆಗೆ ಒಬ್ಬರೂ ಕೇಳಿಲ್ಲ.

'ಮರಿಯಮ್ಮನ್ನ ಪೂಜಿ ಮಾಡ್ತೀರೇನು?' ಗೌರವಿಸುತ್ತೇವೆ, ಪ್ರಾರ್ಥಿಸು ತಾಯಿ ಎಂದು ಬೇಡುತ್ತೇವೆ, ಆರಾಧನೆ ದೇವರಿಗೆ ಮಾತ್ರ. 'ನಿಮ್ಮ ಸ್ವಾಮಿಗಳು ಮದುವಿ ಯಾಕ ಆಗಂಗಿಲ್ಲ?' ಇದನ್ನು ಪಟ್ಟಣದ ಗೆಳತಿಯರಿಗೆ ತಿಳಿಸಲು ನನಗೆ ಗಂಟೆಗಟ್ಟಲೆ ಹಿಡಿದಿದೆ. ವಿರಕ್ತ ಮಠಗಳ ಈ ನಾಡಿನಲ್ಲಿ ಅರ್ಧ ವಾಕ್ಯ ಸಾಕು. 'ರೊಟ್ಟಿ ತಿಂದ್ರ ದೇವರನ್ನ ತಿಂದಂಗ ಅಂತಾರಲ್ಲ, ಖರೇ ಏನು?' ಇದು ಕಷ್ಟದ್ದು. 'ಹೌದು, ನಾವು ಹಾಗೆಯೇ ನಂಬುತ್ತೇವೆ' ಎಂದು ಹೇಳಿ ನಿಲ್ಲಿಸಿ. ವಾದಕ್ಕೆ ಇಳಿದರೆ ನೀವೂ ಸೋಲುತ್ತೀರಿ, ಕೇಳಿದವರೂ.

6. ಊರಿನ ನುಡಿಯಲ್ಲಿ ಹೇಳಿ

ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ಆರಾಧನೆಗೆ ಜನರ ಭಾಷೆಯ ಬಾಗಿಲು ತೆರೆಯಿತು. ಅದಕ್ಕೆ ಮೊದಲು ಪೂಜೆ ಲ್ಯಾಟಿನ್ನಿನಲ್ಲಿ ನಡೆಯುತ್ತಿತ್ತು. ಆದರೆ ನಮ್ಮ ಜನ ಸಂತರ ಹೆಸರುಗಳನ್ನು ಎಂದೋ ಮನೆಯೊಳಗೆ ಕರೆದುಕೊಂಡಿದ್ದರು. ಪೌಲ ಚಿನ್ನಪ್ಪನಾದ, ಪೇತ್ರ ರಾಯಪ್ಪನಾದ, ಇಗ್ನಾಸಿಯುಸ್ ಇನ್ನಾಸಪ್ಪನಾದ, ಕ್ಸೇವಿಯರ್ ಶೌರಪ್ಪನಾದ. ಹಳೆಯ ಮೈಸೂರಿನ ಕ್ರೈಸ್ತ ಹಳ್ಳಿಗಳಲ್ಲಿ ಈ ಹೆಸರಿನ ಅಜ್ಜಂದಿರು ಇಂದಿಗೂ ಸಿಗುತ್ತಾರೆ.

ನಮ್ಮ ಕಡೆಗೆ ಇನ್ನೂ ಹತ್ತಿರದ ಉದಾಹರಣೆ ಬೆಳಗಾವಿ ಜಿಲ್ಲೆಯ ದೇಶನೂರು. ಯೇಸುಸಭೆಯ ಗುರುಗಳು ಅಲ್ಲಿ ಕಟ್ಟಿದ ನೆಲೆಯ ಹೆಸರು ಸ್ನಾನಿಕ ಅರುಳಪ್ಪನವರ ವಿರಕ್ತ ಮಠ. ಸ್ನಾನಿಕ ಅರುಳಪ್ಪ ಎಂದರೆ ಸ್ನಾನಿಕ ಯೋವಾನ್ನನೇ. ಸ್ವಾಮಿ ಅಮಲಾನಂದ ಎಂದು ಹೆಸರಾದ ಗೋವೆಯ ಗುರು ಕಾವಿ ಉಟ್ಟು, ಸಸ್ಯಾಹಾರ ಹಿಡಿದು ಅಲ್ಲಿ ಬಾಳಿದರು. ಇದನ್ನು ಮೋಸವೆಂದು ಹೊರಗಿನವರು, ಅತಿಯೆಂದು ನಮ್ಮವರೇ ಕೆಲವರು ಜರೆದಿದ್ದಾರೆ. ನನ್ನ ಅನಿಸಿಕೆ ಇದು: ಒಂದು ದಿನದ ಸಮಾರಂಭಕ್ಕೆ ಕಾವಿ ಶಾಲು ಹೊದ್ದರೆ ಅದು ವೇಷ, ಅದರಲ್ಲೇ ಮುಪ್ಪಾದರೆ ಅದು ಬದುಕು. ಶ್ರೀಸಾಮಾನ್ಯರಾದ ನಮಗೆ ಕಾವಿಯೂ ಬೇಡ. 'ಯೂಕರಿಸ್ಟ್' ಎನ್ನುವ ಬದಲು 'ಪರಮಪ್ರಸಾದ' ಎಂದರೆ ಸಾಕು, ಪಕ್ಕದ ಮನೆಯಾಕೆಗೆ ಅರ್ಧ ತಿಳಿಯುತ್ತದೆ.

7. ಬಂದ ತಟ್ಟೆಯನ್ನು ಖಾಲಿ ಕಳಿಸಬೇಡಿ

ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ನಾಗರಪಂಚಮಿಗೆ ತಂಬಿಟ್ಟು, ದೀಪಾವಳಿಗೆ ಕರ್ಚಿಕಾಯಿ. ನಮ್ಮ ಮನೆಗೆ ತಟ್ಟೆಗಳು ಬರುತ್ತಲೇ ಇರುತ್ತವೆ. ಕ್ರಿಸ್ತಜಯಂತಿಗೆ ನಮ್ಮಿಂದ ಹೋಗುವುದು ಕುಲ್‌ಕುಲ್ ಮತ್ತು ಮೊಟ್ಟೆಯಿಲ್ಲದ ಕೇಕು. ಮೊಟ್ಟೆಯಿಲ್ಲ ಎನ್ನುವುದನ್ನು ಬಾಗಿಲಲ್ಲೇ ಹೇಳಿ. ಅದನ್ನು ಹೇಳದೆ ಕೊಡುವವರು ಎಷ್ಟು ಪ್ರೀತಿಯಿಂದ ಕೊಟ್ಟರೂ ಆ ಕೇಕು ನಾಯಿಗೇ ಹೋಗುತ್ತದೆ.

ಮನೆಯಲ್ಲೊಂದು ಗೋದಲಿ ಕಟ್ಟಿ. ಜೋಳದ ಕಣಿಕೆಯ ಚಪ್ಪರ, ಗುಳೇದಗುಡ್ಡದ ಖಣದ ತುಂಡಿನಲ್ಲಿ ಮರಿಯಳ ಕುಪ್ಪಸ. ಓಣಿಯ ಮಕ್ಕಳು ನೋಡಲು ಬಂದಾಗ ಕೂಸು ಯಾಕೆ ದನದ ಕೊಟ್ಟಿಗೆಯಲ್ಲಿದೆ ಎಂದು ಕೇಳಿಯೇ ಕೇಳುತ್ತಾರೆ. ರೈತರ ಮಕ್ಕಳಿಗೆ ಆ ಕತೆಯನ್ನು ಬಿಡಿಸಿ ಹೇಳಬೇಕಿಲ್ಲ.

ಗುಡಿಯ ಪ್ರಸಾದ ಬಂದರೆ? ಪೌಲರ ಕಾಲದಿಂದ ಇರುವ ಜಿಜ್ಞಾಸೆ ಇದು. ಮನಸ್ಸಾಕ್ಷಿ ಒಪ್ಪದಿದ್ದರೆ ಎರಡು ಕೈಯಿಂದ ತೆಗೆದುಕೊಂಡು, ನಕ್ಕು, 'ನಾವು ತಿನ್ನಂಗಿಲ್ಲರಿ, ಆದರ ನೀವು ನೆನಪಿಟ್ಟು ತಂದ್ರಲ್ಲ' ಎಂದು ಹೇಳಿ. ಹಿತ್ತಲಿಗೆ ಚೆಲ್ಲುವುದು ಮಾತ್ರ ಬೇಡ. ಹಳ್ಳಿಯಲ್ಲಿ ಹಿತ್ತಲಿಗೂ ಕಣ್ಣಿರುತ್ತದೆ.

8. ಬಾಟ್ಲಿ ಇಳಿಸಿ

'ಕ್ರಿಸ್ಮಸ್ಸಿಗೆ ಬಾಟ್ಲಿ ಇರ್ತದಲ್ಲರಿ ನಿಮ್ಮಲ್ಲಿ?' ಎಂದು ನನ್ನ ಗಂಡನನ್ನು ಕೇಳದ ಗಂಡಸು ಬೇವೂರಿನಲ್ಲಿ ಕಡಿಮೆ. ಸಿನಿಮಾ ನೋಡಿ ಕಲಿತದ್ದು ಎಂದು ತಳ್ಳಿಹಾಕಬಹುದು. ಆದರೆ ನಮ್ಮ ಮದುವೆ ಮನೆಗಳನ್ನು ನೋಡಿದವಳು ನಾನು, ಪೂರ್ತಿ ತಳ್ಳಿಹಾಕಲಾರೆ. ಈ ಸೀಮೆಯಲ್ಲಿ ಧರ್ಮದ ಮಾತಾಡುವವರನ್ನು ಜನ ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರೊಂದಿಗೆ ಹೋಲಿಸಿ ನೋಡುತ್ತಾರೆ. ಚಿತ್ತರಗಿ ಮಠದ ಅವರು ಜೋಳಿಗೆ ಹಿಡಿದು ಮನೆಮನೆಗೆ ಹೋದದ್ದು ಕಾಳುಕಡಿಗಾಗಿ ಅಲ್ಲ. ಕುಡಿತ, ತಂಬಾಕು, ಯಾವ ಚಟವಿದೆಯೋ ಅದನ್ನು ಇದರಲ್ಲಿ ಹಾಕಿ ಎಂದು ಬೇಡಿದರು. 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆ ಕಂಡ ಕಣ್ಣುಗಳ ಮುಂದೆ ತಪಸ್ಸುಕಾಲದ ನಲವತ್ತು ದಿನವಾದರೂ ನಿಮ್ಮ ಮನೆಯ ಕಪಾಟು ಒಣಗಿರಲಿ.

9. ಕಾನೂನು ಓದಿಕೊಳ್ಳಿ, ಆಸೆ ತೋರಿಸಬೇಡಿ

ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಕೊಡುತ್ತದೆ. ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಸ್ಟಾನಿಸ್ಲಾಸ್ ಎಂಬ ಗುರುವಿನ ಮೊಕದ್ದಮೆಯಲ್ಲಿ ಹೇಳಿತು. ಕರ್ನಾಟಕದಲ್ಲಿ ಬಲವಂತದ, ಆಮಿಷದ ಮತಾಂತರ ತಡೆಯುವ ಕಾಯ್ದೆ 2022ರಲ್ಲಿ ಬಂತು. ಅದನ್ನು ಹಿಂಪಡೆಯಲು 2023ರ ಜೂನಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾಯ್ದೆ ಬರಲಿ ಹೋಗಲಿ, ಕಥೋಲಿಕರಿಗೆ ತಮ್ಮದೇ ಮಹಾಸಭೆಯ ಕಟ್ಟಳೆ 1965ರಿಂದ ಇದೆ: ಯಾರನ್ನೂ ಒತ್ತಾಯಿಸಬಾರದು, ಉಪಾಯ ಹೂಡಿ ಸೆಳೆಯಬಾರದು.

ಬಡ ಹುಡುಗಿಯೊಬ್ಬಳ ಶುಲ್ಕ ಕಟ್ಟಿದರೆ ಶುಲ್ಕ ಮಾತ್ರ ಕಟ್ಟಿ. ರಸೀದಿಯ ಜೊತೆ ಯೇಸುವಿನ ಚಿತ್ರ ಕೊಡಬೇಡಿ. ಆ ಚಿತ್ರ ಬೇಕಾದವರು ಬೇರೆ ದಿನ ಕೇಳುತ್ತಾರೆ.

10. ಸಾವಿನ ಮನೆಗೆ ಬೇಗ ಹೋಗಿ, ತಡವಾಗಿ ಮಾತಾಡಿ

2022ರ ಮೇ 15ರಂದು ಪೋಪ್ ಫ್ರಾನ್ಸಿಸರು ದೇವಸಹಾಯಂ ಅವರನ್ನು ಸಂತರೆಂದು ಘೋಷಿಸಿದರು. ಗುರುವಲ್ಲ, ಕನ್ಯಾಸ್ತ್ರೀಯಲ್ಲ, ಭಾರತದ ಶ್ರೀಸಾಮಾನ್ಯರಲ್ಲಿ ಈ ಪದವಿಗೇರಿದ ಮೊದಲಿಗರು. ತಿರುವಾಂಕೂರಿನ ಅರಮನೆಯ ನೌಕರರಾಗಿದ್ದ ಅವರಿಗೆ ಆಸ್ತಿಪಾಸ್ತಿ ನಷ್ಟವಾಗಿ ಮನಸ್ಸು ಕುಸಿದಿದ್ದಾಗ, ಅದೇ ಅರಸರ ಸೇವೆಯಲ್ಲಿದ್ದ ಡಚ್ಚರ ಪೈಕಿಯ ಸೇನಾಧಿಕಾರಿ ಡೆ ಲನೋಯ್ ಬೈಬಲಿನ ಯೋಬನ ಕತೆ ಹೇಳಿದರೆಂದು ಪ್ರತೀತಿ. ಎಲ್ಲವನ್ನೂ ಕಳೆದುಕೊಂಡವನ ಕತೆ, ಕಳೆದುಕೊಂಡವರಿಗೆ. ಒಬ್ಬ ನೌಕರ ಇನ್ನೊಬ್ಬ ನೌಕರನಿಗೆ ಕೆಲಸದ ನಡುವೆ ಹೇಳಿದ್ದು. 1745ರಲ್ಲಿ ದೇವಸಹಾಯಂ ಸ್ನಾನದೀಕ್ಷೆ ಪಡೆದರು.

ನಮಗಿರುವ ತಾಕತ್ತು ಅದಕ್ಕಿಂತ ಸಣ್ಣದು. ಹೆಣದ ಮುಂದೆ ಕೂತಿರಿ. ಭಜನೆಯವರಿಗೆ ಚಹಾ ಕಾಯಿಸಿ. ಹದಿನೈದು ದಿನ ಕಳೆದು ಮನೆ ಖಾಲಿಯಾದಾಗ ಇನ್ನೊಮ್ಮೆ ಹೋಗಿ. ಆಗ ಮಾತ್ರ, ಅದೂ ಕೇಳಿ: 'ನಿಮ್ಮ ಯಜಮಾನರ ಹೆಸರು ಹೇಳಿ ಪ್ರಾರ್ಥನೆ ಮಾಡ್ಲೇನ್ರಿ?' ನನಗೆ ಬೇಡ ಎಂದವರು ಈವರೆಗೆ ಸಿಕ್ಕಿಲ್ಲ. ಹೂಂ ಎಂದ ಮೇಲೆ ಮರೆಯಬೇಡಿ, ಅವರು ಮರೆತಿರುವುದಿಲ್ಲ. ವಾಟ್ಸಾಪಿನಲ್ಲಿ ದಿನಕ್ಕೊಂದು ಬೈಬಲ್ ವಾಕ್ಯ ಕಳಿಸುವ ಚಾಳಿಯಿದ್ದರೆ ಅದನ್ನು ಇಂದೇ ಬಿಡಿ.

11. ಮೊದಲು ನಿಮ್ಮ ಮಕ್ಕಳಿಗೆ

ಇಳಕಲ್ ದಾಟಿ ಲಿಂಗಸೂಗೂರಿನ ದಾರಿ ಹಿಡಿದರೆ ಮುದಗಲ್ ಸಿಗುತ್ತದೆ. ಕೋಟೆಗೂ ಮೊಹರಮ್ಮಿಗೂ ಹೆಸರಾದ ಊರು. ಅಲ್ಲಿ ಆದಿಲಶಾಹಿ ಕಾಲದಿಂದ ಬಂದ ಕಥೋಲಿಕ ಮನೆತನಗಳಿವೆ. ವಿಜಾಪುರದ ಸುಲ್ತಾನರು ಹೋದರು, ಮೊಗಲರು ಹೋದರು, ನಿಜಾಮರು ಹೋದರು. ಜಪಸರ ಮಾತ್ರ ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ದಾಟುತ್ತ ಬಂತು. ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ. ತಾವು ಈ ಸೀಮೆಗೆ ನಿನ್ನೆ ಬಂದ ಪರದೇಶಿಗಳಲ್ಲ ಎಂದು ಅವರಿಗೆ ಹೇಳುವ ಅಗತ್ಯವೇ ಬೀಳುವುದಿಲ್ಲ.

ನಾವು ಹೋದದ್ದು ಒಂದು ಬೇಸಿಗೆಯಲ್ಲಿ. ಮನೆಯೊಡತಿಯೂ ಜೊತೆಗೆ ಬಂದಿದ್ದರು, ಇಳಕಲ್ಲಿನಲ್ಲಿ ಸೀರೆ ತಗೊಳ್ಳುವ ನೆವ ಹೇಳಿ. ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ತಲೆಗೆಳೆದುಕೊಂಡು, ನನ್ನ ಮಗಳ ಕಿವಿಯಲ್ಲಿ ಏನೋ ಕೇಳಿದರು. ಒಂಬತ್ತು ವರ್ಷದ ಅವಳು ಪೀಠದ ಬಲಗಡೆಯ ಕೆಂಪು ದೀಪ ತೋರಿಸಿ, 'ಅದು ಉರಿಯಾಕತ್ತೇತಿ ಅಂದ್ರ ಯೇಸು ಮನ್ಯಾಗ ಅದಾರ ಅಂತ ಅರ್ಥ, ಆಯಿ' ಅಂದಳು. ನಾನು ಹತ್ತನೆಯ ಸೂತ್ರದವರೆಗೆ ಬರೆದದ್ದರಲ್ಲಿ ಅಷ್ಟು ಚೊಕ್ಕಟವಾದ ವಾಕ್ಯ ಒಂದೂ ಇಲ್ಲ. ಆಯಿ ದೀಪದ ಕಡೆ ಕೈಮುಗಿದು, ಒಳಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತರು. ಸೀರೆ ಅಂಗಡಿ ಮುಚ್ಚುವ ಹೊತ್ತಾಯಿತೆಂದು ನಾನೇ ಎಬ್ಬಿಸಬೇಕಾಯಿತು.